ನಾಲಿಗೆಯಣ್ಣನ ಮುಖ

ಎಲ್ಲದಕ್ಕೂ ಮೂಲ ಒಂದು ಟೇಬಲ್ ಫ್ಯಾನು. ಹೆಂಡತಿ ಹೊಸದಾಗಿ ತಂದದ್ದು. "ಗಾಳಿ ಹೇಗೆ ಬರುತ್ತೆ ನೋಡ್ರೀ" ಎಂದು ಅವಳು ಅದನ್ನು ಗಂಡನ ಮುಖಕ್ಕೆ ನೇರವಾಗಿ ತಿರುಗಿಸಿಟ್ಟು ತಾನು ಹೊದ್ದು ಮಲಗಿದಳು. ಗಾಳಿ ಚೆನ್ನಾಗಿಯೇ ಬಂತು. ಬೆಳಿಗ್ಗೆ ಎದ್ದಾಗ ಅವನ ಮೂಗಿನ ಎರಡೂ ಹೊಳ್ಳೆಗಳು ಸಿಮೆಂಟು ಮೆತ್ತಿದ ಹಾಗೆ ಮುಚ್ಚಿಹೋಗಿದ್ದವು.

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಅಂತಾರೆ. ಬುಗುಡಿಯ ಮಾತು ಇಲ್ಲಿ ಬೇಡ. ನೆಗಡಿಯ ಮಾತಿಗೆ ಬಂದರೆ, ಬೇರೆಯವರಿಗಾದರೆ ಎರಡು ಕರವಸ್ತ್ರ ಹೆಚ್ಚಿಗೆ ಬೇಕು, ಅಷ್ಟೆ. ಈ ಮನುಷ್ಯನಿಗೆ ನೆಗಡಿಯಾದರೆ ಕೂತ ಕುರ್ಚಿಯೇ ಹೋಗುತ್ತಿತ್ತು.

ಅವನಿಗೆ ವಿಷಯ ಗೊತ್ತಾದದ್ದು ಕಾಫಿಯಿಂದ. ಹೆಂಡತಿ ಕೊಟ್ಟ ಲೋಟವನ್ನು ಸೊರ್ರನೆ ಕುಡಿದು ಮುಗಿಸಿ ಕೆಳಗಿಟ್ಟ. ಅವಳು ಅಡುಗೆಮನೆಯಿಂದ ಓಡಿ ಬಂದಳು.

"ಅಯ್ಯೋ, ಕುಡೀಬೇಡಿ ಇರಿ. ಸಕ್ಕರೆ ಹಾಕೋದೇ ಮರೆತಿದೀನಿ!"

ಅವನು ಖಾಲಿ ಲೋಟ ನೋಡಿದ. ಅವಳೂ ನೋಡಿದಳು. ಅವನು ಎದ್ದು ಹೋಗಿ ಒಂದು ಚಿಟಿಕೆ ಉಪ್ಪು ಬಾಯಿಗೆ ಹಾಕಿಕೊಂಡ. ಮರಳು ತಿಂದ ಹಾಗಾಯಿತು. ಸಕ್ಕರೆ ಹಾಕಿಕೊಂಡ. ಅದೂ ಮರಳೇ, ಸ್ವಲ್ಪ ದಪ್ಪ ಮರಳು.

"ಇವತ್ತು ರಜಾ ಹಾಕ್ಬಿಡ್ರೀ" ಎಂದಳು ಹೆಂಡತಿ.

"ರಜಾ ಹಾಕಿದ್ರೆ ಆ ಬಾವಬೈದ ಕುರ್ಚೀಲಿ ಕೂತ್ಕೋತಾದೆ" ಎಂದ ಅವನು. ಕಾರ್ಖಾನೆ ಮಾಲೀಕರ ಭಾವಮೈದನ ಮಾತು ಅದು; ಭಾವಮೈದ ಕೂತ್ಕೋತಾನೆ ಎನ್ನಲು ಹೋದದ್ದು. ಮುಚ್ಚಿದ ಮೂಗಿನಲ್ಲಿ ಮಕಾರವೂ ನಕಾರವೂ ಹೊರಡಲಿಲ್ಲ.

ಇಷ್ಟಕ್ಕೂ ಅವನ ಕೆಲಸ ಏನು ಅಂದರೆ, ರುಚಿ ನೋಡುವುದು. ಊರಿನಲ್ಲಿ ಒಂದು ಹಳೇ ಸೋಡಾ ಕಾರ್ಖಾನೆ. ಅಲ್ಲಿ ತಯಾರಾಗುವುದು ಕಪ್ಪುಸೋಡಾ. ಕಹಿ ಬೇರಿನ ಕಷಾಯ, ಒಣಗಿಸಿದ ಕಿತ್ತಳೆ ಸಿಪ್ಪೆ, ಸಕ್ಕರೆ ಪಾಕ, ಮೇಲೆ ಗ್ಯಾಸು. ಅದು ಊರಿನವರಿಗೆ ಹೆಮ್ಮೆ, ಹೊರಗಿನವರಿಗೆ ಶಿಕ್ಷೆ. ಯಾಕೆಂದರೆ ಅದನ್ನು ಕುಡಿಯುವುದಕ್ಕೆ ಒಂದು ಕ್ರಮ ಉಂಟು, ಆ ಕ್ರಮ ಹೊರಗಿನವರಿಗೆ ಗೊತ್ತಿಲ್ಲ. ತಣ್ಣಗಿರಬೇಕು, ಐಸು ಮಾತ್ರ ಹಾಕಕೂಡದು. ಒಂದೇ ಗುಟುಕು ಬಾಯಿ ತುಂಬ ತೆಗೆದುಕೊಂಡು ಸುಮ್ಮನಿರಬೇಕು. ಮೊದಲು ಕಹಿ ಬಂದು ಹುಬ್ಬು ಗಂಟು ಹಾಕಿಸುತ್ತದೆ. ಆಗ ಉಗಿದವನು ಕೆಟ್ಟ. ತಡೆದುಕೊಂಡು ನುಂಗಬೇಕು. ನುಂಗಿದ ಮೇಲೆ ಒಂದು ಗಳಿಗೆ ಏನೂ ಇರುವುದಿಲ್ಲ, ಮೋಸಹೋದೆನಲ್ಲ ಅನ್ನಿಸುತ್ತದೆ. ಆಮೇಲೆ, ಹೊರಟುಹೋದ ನೆಂಟ ಮರೆತ ಕೊಡೆಗೆ ವಾಪಸು ಬಂದ ಹಾಗೆ, ಗಂಟಲಿನ ಆಳದಿಂದ ಸಿಹಿ ಮೆಲ್ಲಗೆ ಮೇಲೆ ಬರುತ್ತದೆ. ಅದು ಬಂದಾಗ ಮುಖ ತಾನಾಗಿ ಅರಳುತ್ತದೆ.

ಗಂಟು, ಶೂನ್ಯ, ಅರಳು. ಈ ಮೂರೂ ಅವನ ಮುಖದಲ್ಲಿ ಬಂದಷ್ಟು ಚೆನ್ನಾಗಿ ಇನ್ಯಾರ ಮುಖದಲ್ಲೂ ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಪಾಕದ ಕೋಣೆಯ ಎತ್ತರದ ಕುರ್ಚಿಯಲ್ಲಿ ಕೂತು, ಒಂದು ಗುಟುಕು ಕುಡಿದು, ಮುಖ ಮಾಡಿ, "ಸರಿ" ಅಂದರೆ ಆ ದಿನದ ಸೋಡಾ ಬಾಟಲಿಗೆ ಹೋಗುತ್ತಿತ್ತು. "ಸರಿ" ಅನ್ನದೆ ಒಂದು ಹನಿಯೂ ಹೋಗುತ್ತಿರಲಿಲ್ಲ. ಹೀಗಾಗಿ ಕಾರ್ಖಾನೆಯಲ್ಲಿ ಅವನಿಗೆ ನಾಲಿಗೆಯಣ್ಣ ಎಂದೇ ಹೆಸರು. ತರಕಾರಿಯವನು ಕೂಡ ಅವನ ಹೆಂಡತಿಯನ್ನು "ನಾಲಿಗೆಯಣ್ಣನ ಮನೆಯವರು" ಎಂದು ಕರೆದು ಒಳ್ಳೆಯ ಬದನೆಕಾಯಿ ಆರಿಸಿ ಕೊಡುತ್ತಿದ್ದ.

ಆ ಕುರ್ಚಿಯ ಮೇಲೆ ಮಾಲೀಕರ ಭಾವಮೈದನಿಗೆ ಬಹಳ ದಿನದಿಂದ ಕಣ್ಣು. ಅವನು ಕಾರ್ಖಾನೆಗೆ ಬಿಳಿ ಶರಟು ಹಾಕಿಕೊಂಡು ಬರುತ್ತಿದ್ದ, ಸಂಜೆ ಅದೇ ಬಿಳುಪಿನಲ್ಲಿ ಮನೆಗೆ ಹೋಗುತ್ತಿದ್ದ. ಅವನ ಕೆಲಸ ಏನೆಂದು ಅವನಿಗೂ ಗೊತ್ತಿರಲಿಲ್ಲ. ನೆಗಡಿಯಾದರೆ ನಾಲಿಗೆಯಣ್ಣ ರಜಾ ಹಾಕಬೇಕು, ಆ ದಿನ ಭಾವಮೈದ ಕೂರಬೇಕು ಎಂದು ಮಾಲೀಕರೇ ನಿಯಮ ಮಾಡಿದ್ದರು. ಒಂದು ಸಲ ಕೂತರೆ ಎದ್ದೇಳುವ ಆಸಾಮಿಯಲ್ಲ ಅದು. ನಾಲಿಗೆಯಣ್ಣ ಆಮೇಲೆ ಬಾಟಲಿ ತೊಳೆಯುವ ಕಡೆಗೆ ಹೋಗಬೇಕಾಗುತ್ತಿತ್ತು.

ಅವನು ಅಂಗಿ ತೊಟ್ಟು ಹೊರಟ.

ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಸೆಲ್ಯೂಟು ಹೊಡೆದ. "ನಮಸ್ಕಾರ ಅಣ್ಣಾ!"

"ದಬಸ್ಕಾರ" ಎಂದ ನಾಲಿಗೆಯಣ್ಣ.

ಕಾವಲುಗಾರನ ಕೈ ಹಣೆಯಲ್ಲೇ ನಿಂತಿತು. "ನೆಗಡಿಯಾ?"

"ಇಲ್ಲ."

"ನನ್ಹತ್ರ ಯಾಕಣ್ಣಾ ಮುಚ್ಚುಮರೆ? ಮೂಗು ನೋಡಿದ್ರೆ ಗೊತ್ತಾಗಲ್ವಾ, ಮೆಣಸಿನಹಣ್ಣಾಗಿದೆ. ನಮ್ಮತ್ತೆಗೂ ಹಿಂಗೇ ಆಗಿತ್ತು. ಬಿಸಿನೀರಿಗೆ ಕಾಳುಮೆಣಸು ಹಾಕಿ, ತಲೆ ಮೇಲೆ ಕಂಬಳಿ ಹಾಕ್ಕೊಂಡು ಆವಿ ತಗೊಳ್ಳಿ. ನಾನು ಯಾರಿಗೂ ಹೇಳಲ್ಲ ಬಿಡಿ!"

ಯಾರಿಗೂ ಹೇಳಲ್ಲ ಎಂಬ ಮಾತು ಅಂಗಳದ ಆ ತುದಿಯಲ್ಲಿ ಬಾಟಲಿ ತೊಳೆಯುತ್ತಿದ್ದವರಿಗೂ ಸ್ಪಷ್ಟವಾಗಿ ಕೇಳಿಸಿತು.

ನಾಲಿಗೆಯಣ್ಣ ಪಾಕದ ಕೋಣೆಯವರೆಗೆ ನಡೆಯುತ್ತ ಒಂದು ಉಪಾಯ ಮಾಡಿದ. ಇವತ್ತಿಡೀ ಮೂಗಿನ ಅಕ್ಷರವಿರುವ ಯಾವ ಮಾತನ್ನೂ ಆಡಕೂಡದು. ಲೆಕ್ಕ ಹಾಕಿದರೆ ಅವನಿಗೆ ಬೇಕಾದ ಮಾತುಗಳಲ್ಲಿ ಆ ಅಕ್ಷರಗಳೇ ಇರಲಿಲ್ಲ: ಹೌದು, ಇಲ್ಲ, ಸಕ್ಕರೆ, ಕಷಾಯ, ಸರಿ. ಇಷ್ಟರಲ್ಲಿ ಒಂದು ಸಂಸಾರವನ್ನೇ ನಡೆಸಬಹುದು ಎಂದು ಅವನಿಗೆ ಸ್ವಲ್ಪ ಧೈರ್ಯ ಬಂತು.

ಒಳಗೆ ಪಾಕದಮ್ಮ ಸೌಟು ಹಿಡಿದು ಕಾಯುತ್ತಿದ್ದಳು. ಹಂಡೆಯ ಮುಂದೆಯೇ ಕೂದಲು ಬೆಳ್ಳಗಾದ ಹೆಂಗಸು. ಕೈ ಚುರುಕು, ಮಾತು ಅದಕ್ಕಿಂತ ಚುರುಕು.

"ಬೇಗ ಬಾರಣ್ಣ. ಇವತ್ತು ಹೆದ್ದಾರಿ ಹೋಟೆಲಿನವರು ಬರ್ತಾರಂತೆ. ಅವರ ಎಲ್ಲಾ ಹೋಟೆಲಿಗೂ ನಮ್ಮ ಸೋಡಾನೇ ತಗೋತಾರಂತೆ, ರುಚಿ ಹಿಡಿಸಿದ್ರೆ. ಹಿಡಿಸದಿದ್ರೆ ನಿನ್ನ ತಲೆ, ನನ್ನ ತಲೆ, ಎರಡೂ ಹೋಗುತ್ತೆ. ಹೂಂ, ಕುಡಿ."

ನಾಲಿಗೆಯಣ್ಣ ಕುರ್ಚಿ ಹತ್ತಿ ಒಂದು ಗುಟುಕು ತೆಗೆದುಕೊಂಡ. ತಣ್ಣಗಿದೆ ಎಂಬುದೊಂದು ಬಿಟ್ಟು ಬೇರೆ ಸಮಾಚಾರವೇ ಇಲ್ಲ. ಆದರೂ ಅಭ್ಯಾಸಬಲದಿಂದ ಹುಬ್ಬು ಗಂಟು ಹಾಕಿ, ಕಣ್ಣಂಚಿನಲ್ಲಿ ಪಾಕದಮ್ಮನ ಮುಖ ನೋಡಿದ. ಇಷ್ಟು ವರ್ಷ ಮಾಡಿದ ಕೈ, ಅವಳ ಮುಖ ನೋಡಿದರೆ ಹದ ಗೊತ್ತಾಗದೆ ಇರುತ್ತದೆಯೇ?

ಅವಳೂ ಹುಬ್ಬು ಗಂಟು ಹಾಕಿದ್ದಳು.

ಓಹೋ, ಕಹಿ ಜಾಸ್ತಿಯಾಗಿದೆ ಎಂದುಕೊಂಡ. "ಸಕ್ಕರೆ" ಎಂದ.

ಅವಳು ಪಾಕ ಸುರಿದು ಕಲಕಿ ಮತ್ತೆ ಕೊಟ್ಟಳು. ಅವನು ಕುಡಿದು, ಈ ಸಲ ಮುಖ ಅರಳಿಸಿ ಅವಳನ್ನು ನೋಡಿದ. ಅವಳೂ ಹಲ್ಲು ಕಾಣುವಷ್ಟು ಅರಳಿದಳು. ಇಷ್ಟು ನಗುವುದಾದರೆ ಸಿಹಿ ವಿಪರೀತವಾಗಿರಬೇಕು.

"ಕಷಾಯ."

ಕಷಾಯ ಬಿತ್ತು. ಅವನು ಅನುಮಾನದಿಂದ ಹುಬ್ಬೇರಿಸಿದ, ಅವಳೂ ಏರಿಸಿದಳು. ಸಕ್ಕರೆ. ಅವನು ತುಟಿ ಕಚ್ಚಿದ, ಅವಳೂ ಕಚ್ಚಿದಳು. ಕಷಾಯ. ಹೀಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುರಿಯುತ್ತ ಸುರಿಯುತ್ತ ಹಂಡೆ ಕಂಠಮಟ್ಟ ತುಂಬಿತು. ಬಣ್ಣ ಕಪ್ಪಿನಿಂದ ಇನ್ನೂ ಕಪ್ಪಿಗೆ ಹೋಯಿತು, ಸೌಟು ತಿರುಗಿಸಲು ಎರಡು ಕೈ ಬೇಕಾಯಿತು. ಇನ್ನು ಜಾಗವಿಲ್ಲ ಎಂದ ಮೇಲೆ ಅವನು "ಸರಿ" ಎಂದ. ಹಂಡೆಯ ತಳದ ನಲ್ಲಿ ತಿರುಗಿಸಿದ್ದೂ ಆಯಿತು, ಪಾಕ ಗೊಳಗೊಳ ಬಾಟಲಿಗೆ ಹೋಗಿದ್ದೂ ಆಯಿತು.

"ಇವತ್ತು ಭಾರೀ ಹದ ನೋಡಿದೆ ಕಣಣ್ಣ" ಎಂದಳು ಪಾಕದಮ್ಮ ಬೆವರು ಒರೆಸಿಕೊಳ್ಳುತ್ತ. "ಹೇಗಾಗಿದೆಯೋ ನಂಗಂತೂ ಗೊತ್ತಿಲ್ಲಪ್ಪ. ಸಕ್ಕರೆ ಕಾಯಿಲೆ ಬಂದಾಗಿನಿಂದ ನಾನು ಇದನ್ನ ಬಾಯಿಗೇ ಇಟ್ಟಿಲ್ಲ. ನಿನ್ನ ಮುಖ ಹೆಂಗೆ ಹೋಗುತ್ತೋ ನನ್ನ ಮುಖಾನೂ ಹಂಗೇ ಹೋಗುತ್ತೆ, ಅಷ್ಟೆ ನನ್ನ ಲೆಕ್ಕ."

ನಾಲಿಗೆಯಣ್ಣ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಇಷ್ಟು ಹೊತ್ತೂ ಕನ್ನಡಿಯ ಕೆಲಸ ಮಾಡಿದ್ದಳು. ಅವನು ಆ ಕನ್ನಡಿಯನ್ನು ಕೇಳಿ ಕೇಳಿ ಸೋಡಾ ಮಾಡಿಸಿದ್ದ.

ಅಷ್ಟರಲ್ಲಿ ಭಾವಮೈದ ಒಳಗೆ ಬಂದ. ಯಾರಿಗೂ ಹೇಳದ ಕಾವಲುಗಾರನ ಮಾತು ಅವನಿಗೂ ತಲುಪಿತ್ತು. ಕೈಯಲ್ಲಿ ಒಂದು ಗ್ಲಾಸು, ಅದರಲ್ಲಿ ಏನೋ ಕಪ್ಪಗೆ.

"ಏನಯ್ಯ ನಾಲಿಗೆ, ಹುಷಾರಾಗಿದೀಯ ತಾನೇ?"

"ಹೌದು."

"ನೆಗಡಿ ಗಿಗಡಿ?"

"ಇಲ್ಲ."

"ಒಳ್ಳೇದು. ಈಗ ತುಂಬಿಸಿದ ಬಾಟಲಿಯಿಂದ ಬಗ್ಗಿಸಿಕೊಂಡು ಬಂದೆ. ಏನೋ ಕಮ್ಮಿ ಅನ್ನಿಸ್ತು. ಸ್ವಲ್ಪ ನೋಡು."

ನಾಲಿಗೆಯಣ್ಣನಿಗೆ ಬೇರೆ ದಾರಿ ಇರಲಿಲ್ಲ. ಗ್ಲಾಸು ತೆಗೆದುಕೊಂಡು ಬಾಯಿ ತುಂಬ ಕುಡಿದ. ಹುಬ್ಬು ಗಂಟು ಹಾಕಿದ. ನುಂಗಿದ. ಒಂದು ಗಳಿಗೆ ಗೋಡೆ ನೋಡಿದ. ಆಮೇಲೆ ಮೆಲ್ಲಗೆ, ಎಲ್ಲೂ ಅವಸರ ಮಾಡದೆ ಅರಳಿದ. ಪಾಕದಮ್ಮ ಕೂಡ ಅವನ ಜೊತೆಯಲ್ಲೇ ಅರಳಿದಳು.

"ಸರಿ" ಎಂದ.

"ಸರಿಯಾ?" ಭಾವಮೈದ ಮೇಲಿಂದ ಕೆಳಗೆ ನೋಡಿದ. "ಚಹಾ ಪಾತ್ರೆ ತೊಳೆದ ನೀರು ಕಣಯ್ಯ ಅದು! ಭಾವಾ! ಭಾವಾ!"

ಅವನು ಕೂಗುತ್ತ ಮಾಲೀಕರ ಕೋಣೆಗೆ ಓಡಿದ. ಹಿಂದೆ ನಾಲಿಗೆಯಣ್ಣ ಓಡಿದ. ಅವನ ಹಿಂದೆ, ತನ್ನ ತಲೆಯೂ ಇದರಲ್ಲಿದೆ ಎಂದು ನೆನಪಾಗಿ, ಸೌಟಿನ ಸಮೇತ ಪಾಕದಮ್ಮ ಓಡಿದಳು.

ಮಾಲೀಕರ ಕೋಣೆಯಲ್ಲಿ ಹೆದ್ದಾರಿ ಹೋಟೆಲಿನವರು ಆಗಲೇ ಬಂದು ಕೂತಿದ್ದರು. ತೂಕದ ಆಳು, ತೂಕದ ಕನ್ನಡಕ. ಮೇಜಿನ ಮೇಲೆ ಆಗ ತಾನೇ ತುಂಬಿದ ಬಾಟಲಿಗಳು, ಸಾಲಾಗಿ ಗ್ಲಾಸುಗಳು.

"ಭಾವಾ, ಇವನಿಗೆ ನೆಗಡಿ! ಪಾತ್ರೆ ತೊಳೆದ ನೀರು ಕೊಟ್ಟರೆ ಕುಡಿದು ಸರಿ ಅಂದ! ಇವತ್ತಿನ ಮಾಲು ಏನಾಗಿದೆಯೋ ದೇವರಿಗೇ ಗೊತ್ತು!"

ಮಾಲೀಕರು ಅತಿಥಿಯ ಕಡೆ ನೋಡಿದರು. ಮನೆಯ ಜಗಳ ಬೀದಿಗೆ ಬಂದರೆ ಮನೆಯವರು ನಗುವ ನಗೆ ಒಂದಿದೆಯಲ್ಲ, ಅದನ್ನು ನಕ್ಕರು. "ನಮ್ಮ ಹುಡುಗ, ತಮಾಷೆ ಜಾಸ್ತಿ. ಬಾರಯ್ಯ ಇಲ್ಲಿ" ಎಂದು ನಾಲಿಗೆಯಣ್ಣನನ್ನು ಕರೆದರು. ಗ್ಲಾಸು ತುಂಬಿ ಅವನ ಕೈಗೆ ಕೊಟ್ಟರು. "ಕುಡಿ. ಎಲ್ಲರೂ ನೋಡಲಿ."

ಎಲ್ಲರೂ ನೋಡಿದರು. ಸುಮ್ಮನೆ ಹೇಳಬಾರದು, ಹೆದರಿಕೆಗೆ ನಾಲಿಗೆಯಣ್ಣನಿಗೆ ಅಳು ಬರುವುದೊಂದು ಬಾಕಿ. ಈ ಗ್ಲಾಸು ಬೀಳಿಸಿ ಓಡಿಹೋಗೋಣವೇ ಎಂದು ಒಮ್ಮೆ ಅನ್ನಿಸಿತು. ಬಾಟಲಿ ತೊಳೆಯುವ ತೊಟ್ಟಿ ಕಣ್ಣ ಮುಂದೆ ಬಂತು. ಕುಡಿದೇಬಿಟ್ಟ. ಜನ್ಮದಲ್ಲಿ ಮಾಡದ ಮುಖ ಮಾಡಿದ. ಗಂಟು ಹಾಕಿದ ಹುಬ್ಬು ಹಾಗೇ ಒಂದಕ್ಕೊಂದು ಅಂಟಿಕೊಂಡಿತು. ಶೂನ್ಯದಲ್ಲಿ ಸನ್ಯಾಸಿಯ ಹಾಗೆ ನಿಂತ. ಕೊನೆಗೆ ಎಷ್ಟು ಅರಳಿದನೆಂದರೆ ಕಿವಿಗಳು ಸ್ವಲ್ಪ ಹಿಂದಕ್ಕೆ ಹೋದವು.

"ಸರಿ" ಎಂದ.

ಮಾಲೀಕರು ಅವನ ಮುಖವನ್ನೇ ನೋಡುತ್ತಿದ್ದವರು ತಮ್ಮ ಗ್ಲಾಸು ಎತ್ತಿ ಕುಡಿದರು. ಗಂಟು, ಶೂನ್ಯ, ಅರಳು. "ಆಹಾ! ನಮ್ಮ ತಾತನ ಕಾಲದ ರುಚಿ ಬಂದಿದೆ ಇವತ್ತು!"

ನಾಲಿಗೆಯಣ್ಣನಿಗೆ ಕಿವಿಯನ್ನೇ ನಂಬಲಾಗಲಿಲ್ಲ.

ಹೋಟೆಲಿನವರು ಇಬ್ಬರ ಮುಖವನ್ನೂ ನೋಡಿಕೊಂಡು ಒಂದು ಗುಟುಕು ತೆಗೆದುಕೊಂಡರು. ಅವರ ಕನ್ನಡಕದ ಹಿಂದೆ ನೀರು ತುಂಬಿತು. ಕುತ್ತಿಗೆಯಲ್ಲಿ ಒಂದು ನರ ಎದ್ದು ನಿಂತಿತು. ಮಾಲೀಕರು ಅವರನ್ನೇ ನೋಡುತ್ತಿದ್ದರು. ಕುಡಿಯುವ ಕ್ರಮ ಗೊತ್ತಿಲ್ಲದ ಗಮಾರ ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಹೋಟೆಲಿನವರು ನುಂಗಿದರು, ಗೋಡೆ ನೋಡಿದರು, ಕಷ್ಟಪಟ್ಟು ಅರಳಿದರು.

"ಕೊನೇಲಿ ಒಂದು ಸಿಹಿ ಬರುತ್ತಲ್ಲ..." ಎಂದರು ಗಂಟಲು ಹಿಡಿದುಕೊಂಡು.

"ಬಂತಾ?" ಎಂದರು ಮಾಲೀಕರು.

"ಬರ್ತಾ ಇದೆ."

ಭಾವಮೈದ ತಾನೂ ಒಂದು ಗ್ಲಾಸು ಎತ್ತಿ ಬಾಯಿಗೆ ಹಾಕಿಕೊಂಡ. ಮರುಗಳಿಗೆಯಲ್ಲಿ ಅದಷ್ಟೂ ಅವನ ಬಿಳಿ ಶರಟಿನ ಮೇಲಿತ್ತು. "ಥೂ ಥೂ! ಭಾವಾ, ಇದು ವಿಷ! ಹೇಗಪ್ಪಾ ಕುಡಿದ್ರಿ ಇದನ್ನ?"

ಇಡೀ ಕೋಣೆಯಲ್ಲಿ ನಿಜವನ್ನು ನುಡಿದವನು ಅವನೊಬ್ಬನೇ. ಅದಕ್ಕೆ ತಕ್ಕ ಫಲವೂ ಕೂಡಲೇ ಸಿಕ್ಕಿತು.

"ಮುಚ್ಚೋ ಬಾಯಿ!" ಎಂದರು ಮಾಲೀಕರು. "ಮೂರು ಜನ ದೊಡ್ಡವರು ಆಹಾ ಅನ್ನುವಾಗ ನಿನ್ನೊಬ್ಬನಿಗೆ ವಿಷವಾ? ಈ ನಾಲಿಗೆ ಇಟ್ಕೊಂಡು ಇವನನ್ನ ಪರೀಕ್ಷೆ ಮಾಡೋಕೆ ಹೋಗಿದ್ದಾ? ನಡಿ ಆಚೆ!"

ಭಾವಮೈದ ಇಂಗು ತಿಂದ ಮಂಗನ ಹಾಗೆ ಬಾಗಿಲ ಹೊರಗೆ ಹೋಗಿ ನಿಂತ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರೆ. ನಾಲಿಗೆಯಣ್ಣನಿಗೆ ಆ ಸಾವಿರ ವರ್ಷವೂ ಒಟ್ಟಿಗೇ ಎದುರಿಗೆ ಬಂದು ನಿಂತ ಹಾಗಾಯಿತು. ಹೆಂಡತಿ ನೆನಪಾದಳು, ಬದನೆಕಾಯಿಯೂ ನೆನಪಾಯಿತು.

ಹೋಟೆಲಿನವರು ನೀರು ಕೇಳಿದರು. ಪಾಕದಮ್ಮ ತರಲು ಹೋದಳು. ಆ ಸಂದಿನಲ್ಲಿ ಮಾಲೀಕರು ನಾಲಿಗೆಯಣ್ಣನ ಹೆಗಲ ಮೇಲೆ ಕೈ ಹಾಕಿ ಕಿಟಕಿಯ ಹತ್ತಿರ ಕರೆದುಕೊಂಡು ಹೋದರು.

"ನಿಜ ಹೇಳು. ಚೆನ್ನಾಗಿತ್ತಲ್ವಾ?" ಎಂದು ಕಿವಿಯಲ್ಲಿ ಕೇಳಿದರು.

"ಹೌದು ಸಾರ್."

"ನಿನ್ಹತ್ರ ಮುಚ್ಚಿಡೋದೇನು. ಹೋದ ಸಲ ದೊಡ್ಡ ಜ್ವರ ಬಂದು ಮಲಗಿದ್ನಲ್ಲ, ಆಗ ಹೋದ ರುಚಿ ಇವತ್ತಿಗೂ ಬಂದಿಲ್ಲ. ಬೆಲ್ಲ ಇಟ್ಟರೂ ಅಷ್ಟೆ, ಬೂದಿ ಇಟ್ಟರೂ ಅಷ್ಟೆ. ಸೋಡಾ ಮಾಲೀಕನಿಗೆ ನಾಲಿಗೆ ಇಲ್ಲ ಅಂದ್ರೆ ಊರು ನಗೋದಿಲ್ವಾ? ಅದಕ್ಕೇ ಯಾರಿಗೂ ಹೇಳಿಲ್ಲ, ಮನೇಲೂ ಹೇಳಿಲ್ಲ. ನಿನ್ನ ಮುಖ ನೋಡ್ತೀನಿ, ಹಂಗೇ ಮಾಡ್ತೀನಿ. ನಿನ್ನ ಮುಖವೇ ಕಣಯ್ಯ ನನ್ನ ನಾಲಿಗೆ."

ನನಗೂ ನೆಗಡಿ ಸಾರ್, ನಾನೂ ಹಂಡೆ ಹಾಳುಮಾಡಿ ಕೂತಿದೀನಿ ಎಂದು ಅವರ ಕಾಲು ಹಿಡಿದುಬಿಡೋಣ ಎಂದು ನಾಲಿಗೆಯಣ್ಣನಿಗೆ ಅನ್ನಿಸಿತು. ಆದರೆ ಅಷ್ಟು ಹೇಳಲು ಬೇಕಾದ ಅಕ್ಷರಗಳಲ್ಲಿ ಅರ್ಧಕ್ಕರ್ಧ ಅವನ ಬಾಯಲ್ಲಿ ಹೊರಡುತ್ತಿರಲಿಲ್ಲ. "ಸರಿ ಸಾರ್" ಎಂದ.

ಅಷ್ಟರಲ್ಲಿ ಹೋಟೆಲಿನವರು ನೀರು ಕುಡಿದು ಸುಧಾರಿಸಿಕೊಂಡು ಎದ್ದು ಬಂದರು.

"ಮಾಲು ನಾನು ತಗೋತೀನಿ. ನನ್ನ ಎಲ್ಲಾ ಹೋಟೆಲಿಗೂ. ಆದರೆ ಇದೇ ರುಚಿ ಇರಬೇಕು, ದಿನಾ, ಒಂದು ಹನಿ ಆಚೀಚೆ ಆಗಬಾರದು. ಮತ್ತೊಂದು ಮಾತು. ನಮ್ಮ ಗಿರಾಕಿಗಳಿಗೆ ಇದನ್ನ ಕುಡಿಯೋ ಕ್ರಮ ಗೊತ್ತಿಲ್ಲ. ಇವರ ಮುಖ ನೋಡಿರಲಿಲ್ಲ ಅಂದ್ರೆ ನಾನೇ..." ಅವರು ಅಲ್ಲಿಗೆ ಮಾತು ನುಂಗಿ ನಾಲಿಗೆಯಣ್ಣನತ್ತ ಬೆರಳು ತೋರಿಸಿದರು. "ಇವರನ್ನ ನನಗೆ ಕೊಡಿ. ದೊಡ್ಡ ಹೋಟೆಲಿನ ಕೌಂಟರ್ ಪಕ್ಕ ಒಂದು ಸ್ಟೂಲು ಹಾಕಿಸ್ತೀನಿ. ಬಸ್ಸು ಬಂದು ನಿಂತಾಗಲೆಲ್ಲ ಇವರು ಒಂದು ಗ್ಲಾಸು ಕುಡಿದು ಮುಖ ತೋರಿಸಬೇಕು. ಬೆಳಿಗ್ಗೆಯಿಂದ ರಾತ್ರಿವರೆಗೆ. ಊಟ ತಿಂಡಿ ನಮ್ಮದೇ."

"ತಗೊಂಡ್ಹೋಗಿ" ಎಂದರು ಮಾಲೀಕರು. ಯೋಚನೆ ಮಾಡಲು ಉಸಿರೂ ಎಳೆದುಕೊಳ್ಳಲಿಲ್ಲ.

ನಾಲಿಗೆಯಣ್ಣ ಕಣ್ಣರಳಿಸಿ ಮಾಲೀಕರನ್ನೂ, ಪಾಕದ ಕೋಣೆಯ ದಿಕ್ಕನ್ನೂ ನೋಡಿದ. ಮಾಲೀಕರಿಗೆ ಅರ್ಥವಾಯಿತು.

"ಕುರ್ಚಿ ಖಾಲಿ ಬಿಡೋಕಾಗುತ್ತಾ? ನಮ್ಮ ಭಾವಮೈದ ಕೂತ್ಕೋತಾನೆ ಬಿಡು. ನನ್ನ ಹೆಂಡತಿ ತಮ್ಮ, ಎಷ್ಟು ದಿನ ಅಂತ ಸುಮ್ನೆ ಓಡಾಡಿಸೋದು? ಮುಖ ಮಾಡೋದನ್ನ ಹೋಗೋ ಮುಂಚೆ ನೀನೇ ಒಂದು ಸಲ ಹೇಳ್ಕೊಟ್ಟು ಹೋಗು." ಆಮೇಲೆ ಇನ್ನೂ ಮೆಲ್ಲಗೆ, "ತಪ್ಪಾದರೂ ನನಗೇನು ಗೊತ್ತಾಗುತ್ತೆ?" ಎಂದರು.

ಬಾಗಿಲ ಹೊರಗಿದ್ದ ಭಾವಮೈದ ಒದ್ದೆ ಶರಟನ್ನು ಎಳೆದು ಸರಿಮಾಡಿಕೊಂಡು ಒಳಗೆ ಬಂದ.

"ಒಂದು ನಿಮಿಷ" ಎಂದು ಹೋಟೆಲಿನವರು ಜೇಬಿನಿಂದ ಫೋನು ತೆಗೆದು ಎದುರಿಗೆ ಹಿಡಿದರು. "ನಮ್ಮ ಮ್ಯಾನೇಜರಿಗೆ ಕಳಿಸ್ಬೇಕು. ಇನ್ನೊಂದು ಸಲ ಕುಡೀರಿ. ನಿಧಾನವಾಗಿ."

ನಾಲಿಗೆಯಣ್ಣ ಬಾಟಲಿಯನ್ನೇ ಎತ್ತಿ ಬಾಯಿಗೆ ಹಿಡಿದ. ಇನ್ನು ಏನಾದರೇನು ಎಂಬ ಬೇಜಾರಿನಲ್ಲಿ ದೊಡ್ಡ ಗುಟುಕನ್ನೇ ಎಳೆದ. ಗ್ಯಾಸು ಬುಸ್ಸೆಂದು ಗಂಟಲಿನಿಂದ ಮೇಲಕ್ಕೆ ನುಗ್ಗಿತು. ನೆತ್ತಿಯಲ್ಲಿ ಏನೋ ಟಪ್ ಎಂದಿತು. ಬೆಳಗಿನಿಂದ ಮುಚ್ಚಿದ್ದ ಮೂಗಿನ ಎರಡೂ ಹೊಳ್ಳೆಗಳು ಒಟ್ಟಿಗೇ ಬಿಟ್ಟುಕೊಂಡವು.

ಒಂದು ಹಂಡೆ ಕಷಾಯದ ಕಹಿ, ಒಂದು ಹಂಡೆ ಪಾಕದ ಸಿಹಿ, ಅಷ್ಟೂ ಆ ಒಂದು ಗುಟುಕಿನಲ್ಲಿ ಕುತ್ತಿಗೆ ಕುತ್ತಿಗೆ ಹಿಡಿದುಕೊಂಡು ಅವನ ನಾಲಿಗೆಯ ಮೇಲೆ ಬಿದ್ದವು. ಕಣ್ಣು ಕತ್ತಲಿಟ್ಟಿತು. ಉಗಿಯುವಂತಿಲ್ಲ, ಎದುರಿಗೆ ಫೋನು. ನುಂಗಿದ. ಶೂನ್ಯ ಬರಲಿಲ್ಲ. ಅರಳುವುದಂತೂ ದೂರದ ಮಾತು. ಹುಬ್ಬು, ಮೂಗು, ತುಟಿ, ಗಲ್ಲ ಎಲ್ಲವೂ ಮುಖದ ನಡುವಿಗೆ ಬಂದು ಒಂದೇ ಗಂಟಾಗಿ ನಿಂತವು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

"ಭೇಷ್! ಭೇಷ್!" ಎಂದು ಹೋಟೆಲಿನವರು ಕೂಗಿದರು. "ಆಗ ಮಾಡಿದ್ದು ಏನೂ ಅಲ್ಲ, ಇದು ಮುಖ ಅಂದ್ರೆ! ಆನಂದಬಾಷ್ಪ ನೋಡಿ ಸಾರ್!"

ಮಾಲೀಕರು ಆ ಮುಖವನ್ನು ತದೇಕಚಿತ್ತದಿಂದ ನೋಡಿ, ಮನಸ್ಸಿನಲ್ಲೇ ಕಲಿತುಕೊಂಡು, ತಾವೂ ಒಂದು ಗುಟುಕು ಕುಡಿದು ಹಾಗೆಯೇ ಮಾಡಿದರು. ಖಾಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಪಾಕದಮ್ಮನೂ ಮಾಡಿದಳು.

"ಸಾರ್" ಎಂದ ನಾಲಿಗೆಯಣ್ಣ. ಬೆಳಗಿನಿಂದ ಮೊದಲ ಬಾರಿಗೆ ಅವನ ಮಾತು ಸ್ವಚ್ಛವಾಗಿ ಬಂತು. "ನನ್ನನ್ನ ಬಾಟಲಿ ತೊಳೆಯೋಕೆ ಹಾಕ್ಬಿಡಿ ಸಾರ್. ನಿಮ್ಮ ದಮ್ಮಯ್ಯ."

"ನೋಡಿದ್ರಾ ವಿನಯ" ಎಂದರು ಮಾಲೀಕರು ಹೋಟೆಲಿನವರಿಗೆ.

ಜೀಪು ಅಂಗಳದಲ್ಲಿ ಕಾಯುತ್ತಿತ್ತು. ಹೋಟೆಲಿನವರು ಅವನನ್ನು ಪ್ರೀತಿಯಿಂದ ತೋಳು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದರು. ಹಿಂದಿನ ಸೀಟಿನಲ್ಲಿ ಬಾಟಲಿಗಳ ಕ್ರೇಟುಗಳು. ಗೇಟು ದಾಟುತ್ತಿದ್ದ ಹಾಗೆ ಅವರು ಒಂದು ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗಿಟ್ಟರು.

"ದಾರೀಲಿ ಒಂದೆರಡು ಕುಡೀತಾ ಇರಿ" ಎಂದರು. "ಮುಖದ ಹದ ತಪ್ಪಬಾರದು."